ಒಣ ಮಸಿ, ಹಸಿ ಎಣ್ಣೆ

"ಗಾಡಿಗೆ ಕೈ ಹಚ್ಚಬ್ಯಾಡ್ರಿ" ಎಂದ ಮುರುಗೇಶ್.

ಠಾಣೆಯ ಹಿಂದಿನ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಮೂತಿ ಜಜ್ಜಿಹೋದ ಬಿಳಿ ಡೀಸೆಲ್ ಕಾರಿಗೆ ಬೆನ್ನು ಕೊಟ್ಟು ಅವನು ಕಾಲು ಅಗಲಿಸಿ ನಿಂತಿದ್ದ. ಕಳೆದ ಬುಧವಾರ ಅವನ ಅಣ್ಣ, ಹಿರಿಯೂರಿನ ಕೊಬ್ಬರಿ ವ್ಯಾಪಾರಿ ರಾಜಶೇಖರ್, ಮಾರಿ ಕಣಿವೆಯ ತಿರುವಿನಲ್ಲಿ ಬಂಡೆಗೆ ಗುದ್ದಿ ಸತ್ತದ್ದು ಇದೇ ಕಾರಿನಲ್ಲಿ.

ಸುಪ್ರಿಯಾ ಸ್ಪ್ಯಾನರ್ ಚೀಲವನ್ನು ನೆಲಕ್ಕೆ ಕುಕ್ಕಿದಳು. ಅಪಘಾತದ ವಾಹನ ಪರೀಕ್ಷಿಸಿ ವಿಮಾ ಕಂಪನಿಗಳಿಗೆ ವರದಿ ಕೊಡುವ ಸರ್ವೇಯರ್ ಕೆಲಸದಲ್ಲಿ ಅವಳಿಗೆ ಹದಿನಾಲ್ಕು ವರ್ಷ ಕಳೆದಿತ್ತು. ಹೊಳಲ್ಕೆರೆಯಿಂದ ಹಿರಿಯೂರಿನ ತನಕ ಯಾವ ಗ್ಯಾರೇಜಿನಲ್ಲೂ ಅವಳಿಗೆ ಯಾರೂ ಒಂದು ಲೋಟ ಟೀ ಕೊಟ್ಟಿರಲಿಲ್ಲ. ಅವಳೂ ಕೇಳಿರಲಿಲ್ಲ.

"ಕೈ ಹಚ್ಚದೆ ಹೇಳಾಕೆ ನಾನೇನು ಜ್ಯೋತಿಷ್ಯದೋಳಲ್ಲ. ಸರೀರಿ ಆ ಕಡೆ."

"ಹೇಳಿ ಆಗೈತಲ್ಲ. ಐದು ಲೀಟರ್ ಹಿಡಿಯೋ ಎಂಜಿನ್ನಾಗೆ ಏಳು ಲೀಟರ್ ಎಣ್ಣೆ ಐತೆ ಅಂತ ಬರ್ಕೊಟ್ಟೋರು ನೀವೇ. ಎಣ್ಣೆ ಹಾಕಿದೋನು ಪರಮೇಶ. ಇನ್ನೇನು ಹುಡುಕ್ತೀರಿ, ಅವನ ಜಾತಕಾನ?"

ಅವನು ಹೇಳಿದ್ದು ನಿಜ. ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಗುರುವಾರ ಅವಳು ಬರೆದ ಎರಡು ಸಾಲು ಓದಿಯೇ ಪೊಲೀಸರು ಮೆಕ್ಯಾನಿಕ್ ಪರಮೇಶನನ್ನು ಎತ್ತಿಕೊಂಡು ಬಂದಿದ್ದರು. ಸಾವಿಗೆ ಎರಡು ದಿನ ಮುಂಚೆ, ಸೋಮವಾರ, ಕಾರಿನ ಸರ್ವಿಸ್ ಮಾಡಿದವನು ಅವನು. ಕಾರು ಒಪ್ಪಿಸುವಾಗ ಅವನಿಗೂ ರಾಜಶೇಖರನಿಗೂ ಬಾಯಿಜಗಳ ಆಗಿದ್ದನ್ನು ನಾಲ್ಕು ಜನ ಕೇಳಿದ್ದರು. ಬೇಕೆಂದೇ ಎಣ್ಣೆ ಹೆಚ್ಚು ಸುರಿದ ಎಂದು ಮುರುಗೇಶ್ ದೂರು ಕೊಟ್ಟಿದ್ದ. ಇವತ್ತು ನಾಲ್ಕು ಗಂಟೆಗೆ ಪೊಲೀಸ್ ಕಸ್ಟಡಿ ಮುಗಿಯುತ್ತದೆ. ಪರಮೇಶ್ ಕೊಲೆ ಆರೋಪ ಹೊತ್ತು ಚಿತ್ರದುರ್ಗದ ಜೈಲಿಗೆ ಹೋಗುತ್ತಾನೆ.

ಈಗ ಎರಡೂಕಾಲು.

"ಅರ್ಧ ಗಂಟೆ ಕೊಡ್ತೀನಿ ಮೇಡಂ" ಎಂದರು ಇನ್‌ಸ್ಪೆಕ್ಟರ್ ನಾಗರಾಜಪ್ಪ. ನಿದ್ದೆ ಕೆಟ್ಟ ಮುಖ, ಬೆವರಿಗೆ ಅಂಟಿದ ಕಾಲರ್. "ಪಂಚರು ಇಬ್ರೂ ಅದಾರೆ. ಸಿಕ್ಕಿದ್ದನ್ನ ಮಹಜರಲ್ಲಿ ಬರ್ಕಂತೀನಿ. ಆಮೇಲೆ ನನ್ನ ಜೀವ ತಿನ್ನಬ್ಯಾಡ್ರಿ."

ಮುರುಗೇಶ್ ಒಂದೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

ಬಾನೆಟ್ಟು ಸಲೀಸಾಗಿ ಏಳಲಿಲ್ಲ. ಸುಪ್ರಿಯಾ ಸಬ್ಬಲ್ ಹಾಕಿ ಮೀಟಿದಳು. ಪಂಚ ಸಾಕ್ಷಿಯಾಗಿ ಬಂದಿದ್ದ ಎಳನೀರು ಮಾರುವ ಬೋರಪ್ಪ ಕೈಜೋಡಿಸಲು ಬಂದ. ಮುರುಗೇಶ್ ದಿಟ್ಟಿಸಿ ನೋಡಿದ ಕೂಡಲೇ ಕೈ ಹಿಂದಕ್ಕೆ ಕಟ್ಟಿಕೊಂಡ.

"ಒಂದು ವಿಷ್ಯ ನನಗೆ ಇನ್ನೂ ತಲೆಗೆ ಹೋಗ್ತಿಲ್ಲ" ಎಂದರು ನಾಗರಾಜಪ್ಪ. "ಎಣ್ಣೆ ಹೆಚ್ಚಾದ್ರೆ ಗಾಡಿ ಕೆಡಬೇಕು. ಹಿಡಿತ ತಪ್ಪಿ ಓಡೋದ್ಯಾಕೆ?"

"ಓಡೋದು ಎಣ್ಣೆ ಕುಡಿದು ಸಾರ್." ಅವಳು ಎಂಜಿನ್ನಿನ ನೆತ್ತಿಯ ಮೇಲಿನ ಕಪ್ಪು ರಬ್ಬರ್ ಪೈಪನ್ನು ತೋರಿಸಿದಳು. "ಎಂಜಿನ್ ಹೊಟ್ಟೇಲಿ ಹೊಗೆ, ಎಣ್ಣೆ ಆವಿ ತುಂಬ್ಕಂತೈತೆ. ಉಸಿರು ಬಿಡಾಕೆ ಇದು ಬ್ರೀದರ್ ಪೈಪು. ಕಂಪನಿಯೋರು ಈ ಉಸಿರನ್ನ ಹೊರಕ್ಕೆ ಬಿಡಲ್ಲ. ತಿರುಗಿ ಎಂಜಿನ್ ಗಾಳಿ ಎಳ್ಕಳೋ ಕೊಳವೆಗೇ ಕೊಟ್ಟಿರ್ತಾರೆ. ಎಣ್ಣೆ ಮಟ್ಟದಲ್ಲಿದ್ರೆ ಬರೋದು ಬರೀ ಆವಿ. ಎರಡು ಮೂರು ಲೀಟರ್ ಹೆಚ್ಚಿದ್ರೆ ಎಣ್ಣೇನೇ ನೊರೆಯಾಗಿ ಬರ್ತೈತೆ. ಡೀಸೆಲ್ ಎಂಜಿನ್ನಿಗೆ ಅದೂ ಡೀಸೆಲ್ಲೇ."

"ಚಾವಿ ತಿರುಗಿಸಿದ್ರೆ?"

"ಚಾವಿ ನಿಲ್ಸೋದು ಡೀಸೆಲ್ನ. ಎಣ್ಣೇನಲ್ಲ."

ರಾಜಶೇಖರನ ಹೆಣ ತೆಗೆದಾಗ ಕಾರಿನ ಚಾವಿ ಅವನ ಬಲಮುಷ್ಟಿಯೊಳಗಿತ್ತು. ಹುಚ್ಚು ಹಿಡಿದ ಎಂಜಿನ್ನನ್ನು ನಿಲ್ಲಿಸಲು ಅವನು ಚಾವಿಯನ್ನೇ ಕಿತ್ತಿದ್ದ. ಎಂಜಿನ್ ನಿಲ್ಲಲಿಲ್ಲ; ಲಾಕ್ ಆದದ್ದು ಸ್ಟೇರಿಂಗು. ಆ ತಿರುವಿನಲ್ಲಿ ಕಾರು ತಿರುಗಲೇ ಇಲ್ಲ.

"ಅಣ್ಣನ್ನ ಸಾಯಿಸಿದ ಬಗೇನ ನನ್ನ ಮುಂದೇನೇ ಪಾಠ ಮಾಡ್ರಿ" ಎಂದ ಮುರುಗೇಶ್. ಅವನ ದನಿ ಒಡೆದಿತ್ತು. ಅದು ದುಃಖವೋ ಸಿಟ್ಟೋ ಸುಪ್ರಿಯಾಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಮನಸ್ಸೂ ಅವಳಿಗಿರಲಿಲ್ಲ.

"ಪಾಠ ಇನ್ನೂ ಶುರುವಾಗಿಲ್ಲ. ಸಾರ್, ಪರಮೇಶ ರಿಪೇರಿ ಮಾಡೋ ಗಾಡಿಗಳನ್ನ ನೋಡೀರಾ? ಹಿರಿಯೂರಿನಾಗೆ ಯಾವ ಡೀಸೆಲ್ ಗಾಡಿ ಕೆಳಗಾದ್ರೂ ಬಗ್ಗಿ ನೋಡ್ರಿ. ಅವನು ಮುಟ್ಟಿದ ಗಾಡಿ ಆದ್ರೆ ಈ ಪೈಪು ಇಲ್ಲಿ ಇರಲ್ಲ. ಕಿತ್ತು ರಸ್ತೆ ಕಡೆ ಇಳಿಬಿಟ್ಟಿರ್ತಾನೆ. ಗಾಳಿ ಕೊಳವೆಯ ತೂತಿಗೆ ಜಾಲಿ ಮರದ ಬಿರಡೆ ಹೊಡ್ದು, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿರ್ತಾನೆ."

"ಯಾಕೆ?"

"ಒಳಗೆ ಜಿಡ್ಡು ಕಟ್ಟಬಾರ್ದು ಅಂತ. ಸೈಲೆನ್ಸರ್ ಕಡೆ ಹೋಗೋ ಹೊಗೇಲಿ ಒಂದು ಪಾಲು ತಿರುಗಿ ಎಂಜಿನ್ನಿಗೇ ಬರ್ತೈತೆ. ಆ ಮಸಿಗೆ ಈ ಎಣ್ಣೆ ಆವಿ ಕೂಡಿದ್ರೆ ಹಲ್ವ ಆಗ್ತೈತೆ. ಗಾಳಿ ದಾರಿ ಮುಚ್ತೈತೆ, ಗಾಡಿ ಎಳೆಯಲ್ಲ. ಪೈಪು ಕಿತ್ತುಬಿಟ್ರೆ ಬರೀ ಒಣ ಮಸಿ. ಕಾನೂನಿಗೆ ತಪ್ಪು, ಗಾಳಿ ಹೊಲಸಾಗ್ತೈತೆ. ಆದ್ರೆ ಗಿರಾಕಿಗಳಿಗೆ ಖುಷಿ."

"ಇದನ್ನೆಲ್ಲ ನಿಮಗೆ ಯಾರು ಹೇಳಿದ್ರು?" ಮುರುಗೇಶ್ ಥಟ್ಟನೆ ಕೇಳಿದ.

ಸುಪ್ರಿಯಾ ಇಕ್ಕಳಕ್ಕಾಗಿ ಚೀಲಕ್ಕೆ ಕೈ ಹಾಕಿದಳು. ಹೇಳಿದವಳು ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದಳು: ಪರಮೇಶನ ಹೆಂಡತಿ ನಾಗಶ್ರೀ. ಗಂಡನ ಗ್ಯಾರೇಜಿನ ಪಕ್ಕದಲ್ಲೇ ಒಂದು ಹಳೇ ವ್ಯಾನು ನಿಲ್ಲಿಸಿಕೊಂಡು, ಅದರಲ್ಲಿ ವಾಹನಗಳ ಹೊಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವವಳು ಅವಳು. ಬೆಳಿಗ್ಗೆ ಸುಪ್ರಿಯಾಳ ಕೈ ಹಿಡಿದು, ಪೈಪು ಕೀಳುವುದು ಗಂಡನ ಪದ್ಧತಿ ಎಂದು ಅತ್ತುಕೊಂಡು ಹೇಳಿದ್ದಳು. ಲೈಸೆನ್ಸು ಹೋದರೆ ಹೋಗಲಿ, ಮನುಷ್ಯ ಉಳಿದರೆ ಸಾಕು ಎಂದಿದ್ದಳು.

"ಇಲ್ಲಿ ಪೈಪು ಅದರ ಜಾಗದಾಗೇ ಐತಲ್ರಿ" ಎಂದ ಮುರುಗೇಶ್. "ಬಿರಡೆ ಎಲ್ಲಿ? ಟ್ಯೂಬ್ ಪಟ್ಟಿ ಎಲ್ಲಿ? ಯಾವಳೋ ಕತೆ ಕಟ್ಟಿದ್ಲು, ನೀವು ನಂಬಿದ್ರಿ."

"ಹತ್ರ ಬರ್ರಿ. ಕಣ್ಣು ಐತಲ್ಲ ನಿಮಗೆ."

ಅವನು ಬಂದ. ಇನ್‌ಸ್ಪೆಕ್ಟರೂ ಬಗ್ಗಿದರು. ಸುಪ್ರಿಯಾ ಇಕ್ಕಳದಲ್ಲಿ ಸ್ಪ್ರಿಂಗ್ ಕ್ಲಿಪ್ಪಿನ ಎರಡು ಕಿವಿ ಒತ್ತಿ ಪೈಪನ್ನು ಗಾಳಿ ಕೊಳವೆಯಿಂದ ಎಳೆದಳು. ಕೊಳವೆಯ ಮೂತಿ ಪೂರ್ತಿ ನಾಲ್ಕು ವರ್ಷದ ಧೂಳು ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಗಲದ ಒಂದು ಸುತ್ತು ಮಾತ್ರ ಹೊಸದರಂತೆ ಕಪ್ಪಗಿತ್ತು.

"ಈ ಕ್ಲಿಪ್ಪಿನ ಅಗಲ ಅರ್ಧ ಬೆರಳು. ಈ ಗುರುತು ಎರಡು ಬೆರಳು. ಸೈಕಲ್ ಟ್ಯೂಬಿನ ಪಟ್ಟಿ ವರ್ಷಗಟ್ಟಲೆ ಇಲ್ಲಿ ಕುಂತಿತ್ತು. ಯಾರೋ ಬಿಚ್ಚಿ ತೆಗ್ದು, ಪೈಪು ತಿರುಗಿ ಏರ್ಸವ್ರೆ."

ನಾಗರಾಜಪ್ಪ ಮೊದಲ ಸಲ ಪೆನ್ನು ತೆಗೆದರು.

ಅವಳು ಕೆಳಗಿನ ಆರು ಬೋಲ್ಟು ಬಿಚ್ಚಿ ಇನ್‌ಟೇಕ್ ಮ್ಯಾನಿಫೋಲ್ಡನ್ನು, ಅಂದರೆ ನಾಲ್ಕು ಸಿಲಿಂಡರಿಗೂ ಗಾಳಿ ಹಂಚುವ ಕವಲು ಕೊಳವೆಯನ್ನು, ಹೊರಗೆ ಎಳೆದಳು. ಬೇಕಂತಲೇ ನಿಧಾನ ಮಾಡಿದಳು. ಮುರುಗೇಶನ ಹಣೆಯಲ್ಲಿ ಬೆವರು ಮೂಡುವುದನ್ನು ನೋಡಲು ಅವಳಿಗೆ ಹಿತವಾಗಿತ್ತು. ತಾನು ಅಷ್ಟು ಕೆಟ್ಟವಳೇ ಎಂದು ಒಂದು ಕ್ಷಣ ಅನ್ನಿಸಿದರೂ ಅದನ್ನು ತಳ್ಳಿಹಾಕಿದಳು.

ಒಂದು ಬಿಳಿ ಹಾಳೆಯ ಮೇಲೆ ಕವಲಿನ ಒಳಗೋಡೆಯನ್ನು ಚಾಕುವಿನಿಂದ ಕೆರೆದಳು. ರೊಟ್ಟಿ ಹೆಂಚಿನ ತಳ ಕೆರೆದ ಹಾಗೆ ಪುಡಿಪುಡಿಯಾದ ಮಸಿ ಉದುರಿತು.

"ಬೆರಳಲ್ಲಿ ಉಜ್ಜಿ ನೋಡ್ರಿ ಸಾರ್. ಜಿಡ್ಡು ಐತಾ?"

ನಾಗರಾಜಪ್ಪ ಉಜ್ಜಿದರು. "ಇಲ್ಲ. ಒಣಗೈತೆ."

"ಇದು ತಳದ ಮಸಿ, ವರ್ಷಗಳದು. ಈ ಪೈಪು ಅಷ್ಟು ದಿನ ಇಲ್ಲಿ ಇರ್ಲಿಲ್ಲ ಅನ್ನಾಕೆ ಇಷ್ಟು ಸಾಕು. ಈಗ ಮೇಲೆ ನೋಡ್ರಿ."

ಒಣ ಮಸಿಯ ಮೇಲೆ ಎಣ್ಣೆ ಹರಿದ ಗೆರೆಗಳಿದ್ದವು. ಇನ್ನೂ ಹೊಳೆಯುವ, ಜೇನಿನ ಬಣ್ಣದ ಹೊಸ ಎಣ್ಣೆ. ಮಸಿಯೊಳಗೆ ಅದು ಇಳಿದಿರಲಿಲ್ಲ, ಕಾದು ಅಂಟಾಗಿರಲಿಲ್ಲ. ಹರಿದದ್ದು ಒಂದೇ ಸಲ.

"ಸೋಮವಾರ ಪರಮೇಶ ಎರಡು ಲೀಟರ್ ಅಲ್ಲ, ಹತ್ತು ಲೀಟರ್ ಹೆಚ್ಚು ಸುರಿದಿದ್ರೂ ನಿಮ್ಮಣ್ಣ ಸಾಯ್ತಿರ್ಲಿಲ್ಲ ಮುರುಗೇಶಪ್ಪ. ಪೈಪು ರಸ್ತೆ ಕಡೆ ನೇತಾಡ್ತಿತ್ತಲ್ಲ, ಎರಡು ದಿನದಾಗೆ ಹೆಚ್ಚಿನ ಎಣ್ಣೆ ರಸ್ತೆಗೆ ಸುರಿದು ಹೋಗ್ತಿತ್ತು. ಸಾಯಿಸಬೇಕು ಅಂದ್ರೆ ಎರಡು ಕೆಲ್ಸ ಆಗಬೇಕು. ಎಣ್ಣೆ ಸುರೀಬೇಕು, ಪೈಪು ಜೋಡಿಸ್ಬೇಕು. ಎರಡೂ ಆಗಿದ್ದು ಬುಧವಾರ. ಅವತ್ತು ಬೆಳಗಿನಿಂದ ಪರಮೇಶ ಧರ್ಮಪುರದಾಗೆ ಶೇಂಗಾ ಬಿಡಿಸೋ ಮಿಷನ್ನು ರಿಪೇರಿ ಮಾಡ್ತಿದ್ದ. ಇಪ್ಪತ್ತು ಜನ ನೋಡವ್ರೆ."

"ಹಂಗಾದ್ರೆ ಯಾರು?"

ಅವಳು ಸ್ಪ್ರಿಂಗ್ ಕ್ಲಿಪ್ಪನ್ನು ಅಂಗೈ ಮೇಲೆ ಇಟ್ಟುಕೊಂಡು ಅವನ ಮೂಗಿನ ಹತ್ತಿರ ಹಿಡಿದಳು.

"ಕಂಪನಿ ಕ್ಲಿಪ್ಪು. ಪರಮೇಶನ ಶೆಡ್ಡಿನಾಗೆ ಬೈಂಡಿಂಗ್ ವೈರು, ಟ್ಯೂಬ್ ಪಟ್ಟಿ ಬಿಟ್ರೆ ಕ್ಲಿಪ್ಪೇ ಇಲ್ಲ. ಹಾಕಿದೋರು ಕಿವಿ ಮೇಲೆ ಬರೋ ಹಂಗೆ ಹಾಕವ್ರೆ, ಮುಂದೆ ತೆಗೆಯೋನಿಗೆ ಇಕ್ಕಳ ಸಿಗ್ಲಿ ಅಂತ. ಇದು ಕಲಿತವರ ಕೈ. ನೀವು ಶೋರೂಮಿನಾಗೆ ಎಂಟು ವರ್ಷ ಕೆಲ್ಸ ಕಲ್ತೋರು. ಹೈವೇ ಪಕ್ಕ ನಿಮ್ಮದೇ ಸರ್ವಿಸ್ ಸೆಂಟರ್ ಐತೆ. ಇಂಥ ಕ್ಲಿಪ್ಪು ಎಷ್ಟು ಅವೆ ನಿಮ್ಮ ಹತ್ರ?"

ಮುರುಗೇಶ್ ಅವಳ ಕೈಯನ್ನು ಪಕ್ಕಕ್ಕೆ ತಳ್ಳಿದ. "ಡಬ್ಬಿಗಟ್ಟಲೆ ಅವೆ. ಏನೀಗ?"

"ಏನೂ ಇಲ್ಲ. ಕೇಳಿದೆ."

"ಏಯ್, ಮಾತು ನೋಡ್ಕಂಡು ಆಡು." ಬಹುವಚನ ಬಿಟ್ಟುಹೋಗಿತ್ತು. "ನನ್ನ ಎತ್ತಿ ಆಡಿಸಿದ ಅಣ್ಣ ಅವನು. ಬೂದಿ ಆರಿಲ್ಲ, ಬಂದು ನನ್ನ ಮೇಲೆ ಗೂಬೆ ಕೂರಿಸ್ತೀಯ? ಗುರುವಾರ ಒಂದು ಬರೀತೀಯ, ಇವತ್ತು ಇನ್ನೊಂದು. ನಾಳೆ ಯಾರ ಮನೆ ಹಾಳು ಮಾಡ್ತೀಯ?"

ಅವನು ಮುಂದೆ ಬಂದ. ಸುಪ್ರಿಯಾ ಕದಲಲಿಲ್ಲ. ನಾಗರಾಜಪ್ಪ ನಡುವೆ ಕೈ ಅಡ್ಡ ಹಿಡಿದರು.

"ಏನಪ್ಪ, ಠಾಣೆ ಇದು. ಹಿಂದಕ್ಕೆ ಹೋಗು. ಮೇಡಂ, ನಿಮ್ಮ ಅಭಿಪ್ರಾಯ ಒಂದೇ ವಾಕ್ಯದಾಗೆ ಹೇಳ್ರಿ. ಬರ್ಕಂತೀನಿ. ಯಾರ ಹೆಸರೂ ಬ್ಯಾಡ."

ಅವಳಿಗೆ ಗೆದ್ದ ಹುರುಪು ಬಂದಿತ್ತು. ಇನ್‌ಸ್ಪೆಕ್ಟರ್ ಹೆಸರು ಬೇಡ ಎಂದರೂ ಎಲ್ಲರ ಕಣ್ಣು ಮುರುಗೇಶನ ಮೇಲಿತ್ತು, ಅಷ್ಟು ಸಾಕಾಗಿತ್ತು ಅವಳಿಗೆ. ಅಂಗಳಕ್ಕೆಲ್ಲ ಕೇಳುವ ಹಾಗೆ ದೊಡ್ಡ ದನಿಯಲ್ಲಿ ಹೇಳಿದಳು:

"ಬರ್ಕಳ್ರಿ. ಬುಧವಾರ ಈ ಬ್ರೀದರ್ ಪೈಪನ್ನು ತಿರುಗಿ ಜೋಡಿಸಿದ ವ್ಯಕ್ತಿಯೇ ಹೆಚ್ಚಿನ ಎಣ್ಣೆ ಸುರಿದಿದ್ದಾರೆ, ಆ ವ್ಯಕ್ತಿಯೇ ಈ ಸಾವಿಗೆ ಕಾರಣ."

ನಾಗರಾಜಪ್ಪ ಬರೆದರು. ಇನ್ನೊಬ್ಬ ಪಂಚ ಸಹಿ ಮಾಡಿದ. ಬೋರಪ್ಪ ಹೆಬ್ಬೆಟ್ಟು ಒತ್ತಿದ. ಸುಪ್ರಿಯಾ ಮಸಿ ಮೆತ್ತಿದ ಬೆರಳಲ್ಲೇ ಪೆನ್ನು ಹಿಡಿದು, ತನ್ನ ಪೂರ್ತಿ ಹೆಸರು ಬರೆದು ತಾರೀಕು ಹಾಕಿದಳು. ಎರಡೂಮುಕ್ಕಾಲು. ಇನ್ನೂ ಸಮಯವಿತ್ತು.

"ಪೈಪು ಹಾಕಿದ್ದು ನಾನು ಸಾರ್."

ಲಾಕಪ್ಪಿನ ಕಿಟಕಿ ಅಂಗಳದ ಕಡೆಗಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ. ಸರಳು ಹಿಡಿದು ನಿಂತಿದ್ದ ಪರಮೇಶನ ಗಡ್ಡ ನಾಲ್ಕು ದಿನದ್ದು; ಕಣ್ಣುಗಳು ಸುಪ್ರಿಯಾಳನ್ನು ಸುಟ್ಟುಬಿಡುವ ಹಾಗೆ ನೋಡುತ್ತಿದ್ದವು.

"ಏನಂದೆ?" ಎಂದರು ನಾಗರಾಜಪ್ಪ.

"ಪೈಪು ನಾನೇ ಹಾಕಿದೆ. ಎಣ್ಣೇನೂ ನಾನೇ ಸುರಿದೆ. ಬರ್ಕಳ್ರಿ. ಸಾಕು ಇನ್ನ."

"ಲೇ, ಬುಧವಾರ ನೀನು ಧರ್ಮಪುರದಾಗಿದ್ದೆ ಅಂತ ನೀನೇ ಹೇಳಿದ್ಯಲ್ಲೋ."

"ಸುಳ್ಳು ಹೇಳಿದ್ದೆ."

"ಕ್ಲಿಪ್ಪು ಎಲ್ಲಿಂದ ತಂದೆ?" ಸುಪ್ರಿಯಾ ಕಿಟಕಿಯ ಹತ್ತಿರ ಹೋದಳು. ಅವಳ ಸಿಟ್ಟೀಗ ಅವನ ಮೇಲೇ ತಿರುಗಿತ್ತು. ಬಾವಿಯಿಂದ ಎತ್ತುತ್ತಿದ್ದಾಗ ಹಗ್ಗ ಕೊಯ್ಯುವವನನ್ನು ಏನು ಮಾಡಬೇಕು? "ಹೇಳು. ಯಾವ ಅಂಗಡಿ?"

"ಯಾವುದೋ ಒಂದು."

"ಬಿರಡೆ ಎಲ್ಲಿ ಎಸೆದೆ?"

"ನಿಮಗೇನು ಬೇಕಮ್ಮ? ಯಾರಾದ್ರೂ ಒಬ್ರು ಬೇಕು ತಾನೆ? ನಾನು ಒಪ್ಕಂಡೀನಿ. ನಿಮ್ಮ ಚೀಲ ಎತ್ಕಂಡು ಹೋಗ್ರಿ."

"ಅವರಿಗೆ ಗೊತ್ತಿಲ್ಲ ಮೇಡಂ. ಅದಕ್ಕೇ ಹೇಳಾಕೆ ಬರ್ತಿಲ್ಲ."

ಎಲ್ಲರೂ ತಿರುಗಿದರು. ನಾಗಶ್ರೀ ಕಲ್ಲುಬೆಂಚಿನಿಂದ ಎದ್ದು ಅಂಗಳದ ನಡುವೆ ಬಂದಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಕೆಲಸಕ್ಕೆ ಇಳಿಯುವವಳ ಹಾಗೆ.

"ಬಿರಡೆ ನನ್ನ ವ್ಯಾನಿನಾಗೆ ಐತೆ. ಕ್ಲಿಪ್ಪೂ ನನ್ನವೇ. ಚಿತ್ರದುರ್ಗದಾಗೆ ಹೊಗೆ ಟೆಸ್ಟಿನ ತರಬೇತಿಗೆ ಹೋದಾಗ ಕಲ್ಸಿದ್ರು, ಕಿವಿ ಮೇಲೆ ಬರಬೇಕು ಅಂತ. ಪೈಪು ನೇತಾಡ್ತಿದ್ರೆ ನಾನು ಸರ್ಟಿಫಿಕೇಟ್ ಕೊಡಂಗಿಲ್ಲ. ಟೆಸ್ಟಿಗೆ ಬಂದ ಗಾಡಿಗೆಲ್ಲ ನಾನು ಪೈಪು ಜೋಡಿಸ್ತೀನಿ. ಟೆಸ್ಟ್ ಆದ್ಮೇಲೆ ಇವ್ರು ಕಿತ್ತು ಇಳಿಬಿಡ್ತಾರೆ. ನಮ್ಮದು ಮೊದ್ಲಿಂದ್ಲೂ ಹಂಗೇ." ಅವಳು ಕಾರಿನ ಕಡೆ ಕೈ ತೋರಿಸಿದಳು. "ಬುಧವಾರ ಎಂಟು ಗಂಟೆಗೆ ಆ ಗಾಡಿ ಬಂತು. ನಾನು ಹಾಕಿದೆ. ತೆಗೆಯಾಕೆ ಇವ್ರು ಊರಾಗಿರ್ಲಿಲ್ಲ."

ಸುಪ್ರಿಯಾ ಕೈಯಲ್ಲಿದ್ದ ಕ್ಲಿಪ್ಪನ್ನು ನೋಡಿದಳು. ಬೆಳಿಗ್ಗೆ ಇವಳು ಅರ್ಧ ಮಾತ್ರ ಹೇಳಿದ್ದಳು. ಉಳಿದರ್ಧವನ್ನು ಕೇಳಬೇಕು ಎಂದು ತನಗೂ ತೋಚಿರಲಿಲ್ಲ. ಮುರುಗೇಶನನ್ನು ಹಿಡಿಯುವ ಆತುರದಲ್ಲಿ, ಹಿಡಿಯುವುದಕ್ಕೆ ಅವನೊಬ್ಬನೇ ಇದ್ದಾನೆ ಎಂದು ನಂಬಿಕೊಂಡಿದ್ದಳು.

ಮುರುಗೇಶ್ ಎರಡೇ ಎರಡು ಸಲ ಚಪ್ಪಾಳೆ ತಟ್ಟಿದ.

"ಸಹಿ ಮಾಡೀರಲ್ಲ ಮೇಡಮ್ಮೋರೆ. ಪೈಪು ಹಾಕಿದೋರೇ ಎಣ್ಣೆ ಸುರಿದೋರು, ಅವರೇ ಸಾಯಿಸಿದೋರು. ನಿಮ್ಮ ಬಾಯಿಂದ್ಲೇ ಬಂದಿದ್ದು. ಗಂಡನ್ನ ಮೊನ್ನೆ ಒಳಗೆ ಹಾಕ್ಸಿದ್ರಿ. ಈಗ ಹೆಂಡ್ತಿ. ಸಾರ್, ಲೇಡಿ ಕಾನ್‌ಸ್ಟೇಬಲ್ನ ಕರೀರಿ."

"ತಡೀರಿ ಸಾರ್." ಸುಪ್ರಿಯಾ ಅಡ್ಡ ಬಂದಳು. "ಡೀಸೆಲ್ ಗಾಡಿ ಟೆಸ್ಟು ಅಂದ್ರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಒತ್ತಿ ಬಿಡಬೇಕು. ಆವಾಗ ಎಣ್ಣೆ ಹೆಚ್ಚಿದ್ದಿದ್ರೆ ಎಂಜಿನ್ ಇವಳ ವ್ಯಾನಿನ ಮುಂದೇನೇ ಹುಚ್ಚೆದ್ದು ಹೋಗ್ತಿತ್ತು. ಹೋಗ್ಲಿಲ್ಲ ಅಂದ್ರೆ ಎಂಟು ಗಂಟೆಗೆ ಎಣ್ಣೆ ಸರಿಯಾಗಿತ್ತು. ಸುರಿದಿದ್ದು ಆಮೇಲೆ. ಪೈಪು ಹಾಕಿದ ಕೈ ಬೇರೆ, ಎಣ್ಣೆ ಸುರಿದ ಕೈ ಬೇರೆ. ನಾನು ಬರ್ಸಿದ ವಾಕ್ಯ ತಪ್ಪು. ಹೊಡೆದು ಹಾಕ್ರಿ."

"ಮಹಜರು ಮೇಡಂ ಇದು" ಎಂದರು ನಾಗರಾಜಪ್ಪ ಬೇಸರದಿಂದ. "ಸಹಿ ಆದ್ಮೇಲೆ ಅಕ್ಷರ ಮುಟ್ಟಂಗಿಲ್ಲ. ಟೆಸ್ಟ್ ಮುಗಿದ ಕೂಡ್ಲೇ ಇವಳೇ ಸುರಿದಿಲ್ಲ ಅಂತ ಹೆಂಗೆ ಹೇಳ್ತೀರಿ? ಏನಮ್ಮ, ಗಾಡಿ ತಂದಿದ್ದು ಯಾರು?"

"ರಾಜಶೇಖರಪ್ಪೋರೇ ತಂದಿದ್ರು."

"ನೀನು ಎಣ್ಣೆ ಸುರೀಲಿಲ್ಲ ಅನ್ನಾಕೆ ಸಾಕ್ಷಿ ಅವನೊಬ್ನೇ. ಅವನು ಸತ್ತವ್ನೆ."

ನಾಗಶ್ರೀ ತಲೆ ಎತ್ತಿದಳು. "ಅವರೊಬ್ರೇ ಬಂದಿರ್ಲಿಲ್ಲ ಸಾರ್. ಹಿಂದಿನ ಸೀಟಿನಾಗೆ ಇನ್ನೊಬ್ರಿದ್ರು."

ಬಂಡೆಗೆ ಗುದ್ದಿದ ಕಾರಿನಲ್ಲಿ ಸಿಕ್ಕಿದ್ದು ಒಂದೇ ಹೆಣ. ಅಂದರೆ ಆ ಇನ್ನೊಬ್ಬರು ಮಾರಿ ಕಣಿವೆಗಿಂತ ಮುಂಚೆಯೇ ಎಲ್ಲೋ ಇಳಿದುಹೋಗಿದ್ದರು. ಮತ್ತೆ ಚಪ್ಪಾಳೆಗೆ ಎತ್ತಿದ್ದ ಮುರುಗೇಶನ ಕೈ ಎದೆಯ ಮಟ್ಟದಲ್ಲಿ ಹಾಗೇ ನಿಂತಿತ್ತು. ಅವನ ಮುಖದಲ್ಲಿದ್ದದ್ದು ಹೆದರಿಕೆಯಲ್ಲ, ಗೊಂದಲ. ಇದು ಅವನಿಗೂ ಹೊಸ ಸುದ್ದಿ ಎಂದು ಸುಪ್ರಿಯಾಗೆ ಗೊತ್ತಾಯಿತು, ಮನಸ್ಸಿಲ್ಲದಿದ್ದರೂ.

"ಯಾರು?" ಅವಳು ನಾಗಶ್ರೀಯ ಎರಡೂ ತೋಳು ಹಿಡಿದಳು. "ಯಾರಿದ್ರು? ಹೆಸರು ಹೇಳು. ಈಗ್ಲೇ ಹೇಳು, ನಿಮ್ಮಿಬ್ರನ್ನೂ ಮನೆಗೆ ಕಳಿಸ್ತೀನಿ."

ನಾಗಶ್ರೀಯ ತುಟಿ ಅಲುಗಿತು.

"ನಾಗೂ." ಕಿಟಕಿಯಿಂದ ಬಂದ ಪರಮೇಶನ ದನಿ ಇದುವರೆಗೆ ಕೇಳಿದಂತಿರಲಿಲ್ಲ, ಅದರಲ್ಲಿ ಸಿಟ್ಟು ಒಂದು ಚೂರೂ ಇರಲಿಲ್ಲ. "ಬ್ಯಾಡ. ಆ ಹೆಸರು ಬಾಯಿಗೆ ತಂದ್ರೆ ನಾನು ನಿನ್ನ ಗಂಡ ಅಲ್ಲ."

ಪರಮೇಶ್ ಕಾಯುತ್ತಿದ್ದದ್ದು ಹೆಂಡತಿಯನ್ನು ಮಾತ್ರವಲ್ಲ, ಆ ಹೆಸರಿನವರನ್ನೂ ಎಂದು ಸುಪ್ರಿಯಾಗೆ ಆಗ ಹೊಳೆಯಿತು. ನಾಗಶ್ರೀ ಗಂಡನ ಕಡೆ ನೋಡಿದಳು. ಆಮೇಲೆ ಸುಪ್ರಿಯಾಳ ಹಿಡಿತದಿಂದ ತೋಳು ಬಿಡಿಸಿಕೊಂಡು, ಇನ್‌ಸ್ಪೆಕ್ಟರ ಮುಂದೆ ಎರಡೂ ಕೈ ಚಾಚಿದಳು.

"ಎಣ್ಣೇನೂ ನಾನೇ ಸುರಿದೆ ಸಾರ್. ಹಿಂದೆ ಯಾರೂ ಇರ್ಲಿಲ್ಲ. ಬರ್ಕಳ್ರಿ."